ಬಿಪಿ ಇರುವುದು ಮೈಗೆ, ಕಣ್ಣಿಗೇಕೆ ಡ್ರಾಪ್ಸ್?

ಹಿಂದಿನ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಏನಾಗುತ್ತದೆ ಎಂದು ಬರೆದಿದ್ದೆ. ಅದನ್ನು ಓದಿದ ಎಷ್ಟೋ ಜನ "ನಮಗೆ ಸಕ್ಕರೆ ಇಲ್ಲ ಡಾಕ್ಟರೇ, ಬಿಪಿ ಇದೆ. ನಮ್ಮ ಕಣ್ಣಿನ ಕತೆ ಏನು?" ಎಂದು ಕೇಳಿದ್ದೀರಿ. ಹಾಗಾಗಿ ಈ ಸಲ ಬಿಪಿಯ ಪತ್ರಗಳನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ. ಕೊಬ್ಬರಿ ವ್ಯಾಪಾರ. ಹೋದ ತಿಂಗಳು ತಲೆಸುತ್ತು ಬಂದು ತೋರಿಸಿದಾಗ ಬಿಪಿ 170/100 ಇತ್ತು. ಮಾತ್ರೆ ಬರೆದುಕೊಟ್ಟು, ಕಣ್ಣನ್ನೂ ತೋರಿಸಿಕೊಂಡು ಬನ್ನಿ ಎಂದರು. ಕಣ್ಣಿನ ಆಸ್ಪತ್ರೆಯಲ್ಲಿ ಬೋರ್ಡಿನ ಕೊನೇ ಸಾಲಿನವರೆಗೂ ಓದಿದೆ. ಆದರೂ ಡ್ರಾಪ್ಸ್ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಸಂಜೆವರೆಗೂ ಲೆಕ್ಕದ ಪುಸ್ತಕ ನೋಡಲಾಗಲಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತಿರುವಾಗ ಇದೆಲ್ಲ ಬೇಕಿತ್ತಾ?
(ವ್ಯಾಪಾರಿ, ತಿಪಟೂರು)

ಉತ್ತರ: ಬೇಕಿತ್ತು. ನಿಮ್ಮನ್ನು ಕಳಿಸಿದ ಡಾಕ್ಟರು ಒಳ್ಳೆಯ ಕೆಲಸ ಮಾಡಿದ್ದಾರೆ.

ನಿಮ್ಮ ಮೈಯೊಳಗೆ ರಕ್ತನಾಳಗಳು ಹೇಗಿವೆ ಎಂದು ಕೊಯ್ಯದೆ, ಚುಚ್ಚದೆ, ಕಣ್ಣಾರೆ ನೋಡುವುದಕ್ಕೆ ಇರುವುದು ಒಂದೇ ಜಾಗ. ಅದು ಕಣ್ಣಿನ ಹಿಂಭಾಗದ ಪರದೆ, ರೆಟಿನಾ. ಕಣ್ಣಿನ ಪಾಪೆ ಅದರ ಕಿಟಕಿ. ಬೆಳಕು ಬಿಟ್ಟ ತಕ್ಷಣ ಪಾಪೆ ಕುಗ್ಗಿಬಿಡುತ್ತದೆ. ಕಿಂಡಿಯಲ್ಲಿ ಇಣುಕಿ ಇಡೀ ಕೋಣೆ ನೋಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ಡ್ರಾಪ್ಸ್ ಹಾಕಿ ಕಿಟಕಿಯನ್ನು ಅಗಲ ಮಾಡುತ್ತೇವೆ.

ಒಳಗೆ ನನಗೆ ಏನು ಕಾಣುತ್ತದೆ ಎಂದು ಹೇಳುತ್ತೇನೆ. ನೀವು ಯಂತ್ರಕ್ಕೆ ಗಲ್ಲ ಆನಿಸಿ ಕೂತಿರುತ್ತೀರಿ. ನಾನು ಬೆರಳ ತುದಿಯಲ್ಲಿ ಒಂದು ಪುಟ್ಟ ಲೆನ್ಸ್ ಹಿಡಿದಿರುತ್ತೇನೆ. ಮೊದಲು ಇಡೀ ಹಿನ್ನೆಲೆ ಕಿತ್ತಳೆ ಕೆಂಪಾಗಿ ಕಾಣುತ್ತದೆ. ಒಂದು ಪಕ್ಕದಲ್ಲಿ ತಿಳಿ ಹಳದಿಯ ದುಂಡನೆಯ ಬಿಲ್ಲೆ. ಕಣ್ಣಿನ ನರ ಶುರುವಾಗುವುದು ಅಲ್ಲೇ. ಆ ಬಿಲ್ಲೆಯಿಂದ ಮೇಲಕ್ಕೂ ಕೆಳಕ್ಕೂ ರಕ್ತನಾಳಗಳು ಕವಲೊಡೆದು ಹೋಗುತ್ತವೆ. ರಕ್ತ ತರುವ ನಾಳ ಸ್ವಲ್ಪ ಸಣ್ಣಗೆ, ತಿಳಿ ಕೆಂಪಗೆ. ವಾಪಸ್ ಒಯ್ಯುವ ನಾಳ ಸ್ವಲ್ಪ ದಪ್ಪ, ಗಾಢ ಬಣ್ಣ. ಆರೋಗ್ಯವಾಗಿರುವ ಕಣ್ಣಿನಲ್ಲಿ ಎರಡರ ದಪ್ಪ ಹೆಚ್ಚುಕಡಿಮೆ 2ಕ್ಕೆ 3ರ ಲೆಕ್ಕದಲ್ಲಿರುತ್ತದೆ.

ಬಿಪಿ ಜಾಸ್ತಿಯಾಗಿ ವರ್ಷಗಟ್ಟಲೆ ಹಾಗೇ ಇದ್ದರೆ ರಕ್ತ ತರುವ ನಾಳ ಬಿಗಿದುಕೊಂಡು ನೂಲಿನಂತಾಗುತ್ತದೆ. ಗೋಡೆ ದಪ್ಪಗಾಗಿ ತಾಮ್ರದ ತಂತಿಯ ಹಾಗೆ ಹೊಳೆಯುತ್ತದೆ. ಇನ್ನೂ ಹೆಚ್ಚಾದರೆ ಬೆಳ್ಳಿ ತಂತಿಯ ಹಾಗೆ. ಎರಡು ನಾಳಗಳು ಒಂದರ ಮೇಲೊಂದು ಹಾಯುವ ಕಡೆ ಗಟ್ಟಿಯಾದ ನಾಳ ಕೆಳಗಿನ ಮೆತ್ತನೆಯ ನಾಳವನ್ನು ಅದುಮುತ್ತದೆ. ತೋಟದಲ್ಲಿ ಡ್ರಿಪ್ ಪೈಪಿನ ಮೇಲೆ ಕಬ್ಬಿಣದ ಸಲಾಕೆ ಬಿದ್ದ ಹಾಗೆ. ಆಮೇಲಿನ ಹಂತದಲ್ಲಿ ಕುಂಕುಮದ ಬೆರಳು ಎಳೆದಂತೆ ಸಣ್ಣ ಸಣ್ಣ ರಕ್ತದ ಗೀರುಗಳು, ಅಲ್ಲಲ್ಲಿ ಅರಳೆಯ ಚೂರಿನಂಥ ಬಿಳಿ ಮಚ್ಚೆಗಳು ಕಾಣುತ್ತವೆ. ಕೊನೆಯ ಹಂತದಲ್ಲಿ ನರದ ಬಿಲ್ಲೆಯೇ ಊದಿಕೊಳ್ಳುತ್ತದೆ. ಅದನ್ನು ಕಂಡರೆ ನಾವು ಕನ್ನಡಕದ ಚೀಟಿ ಬರೆಯುತ್ತಾ ಕೂರುವುದಿಲ್ಲ, ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ.

ಇಷ್ಟೆಲ್ಲ ಆಗುವಾಗಲೂ ಬೋರ್ಡಿನ ಕೊನೇ ಸಾಲು ಓದಬಹುದು. ರೆಟಿನಾದ ನಡುಭಾಗಕ್ಕೆ ಪೆಟ್ಟು ಬೀಳುವವರೆಗೂ ದೃಷ್ಟಿ ಚೆನ್ನಾಗೇ ಇರುತ್ತದೆ. ಅದೇ ನನ್ನನ್ನು ಹೆದರಿಸುವುದು.

ಕಣ್ಣಿನ ಒಳಗನ್ನು ನೋಡುವ ಸಾಧನವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಜಗತ್ತಿಗೆ ಕೊಟ್ಟರು. 1939ರಲ್ಲಿ ಅಮೆರಿಕದ ಕೀತ್, ವ್ಯಾಗನರ್, ಬಾರ್ಕರ್ ಎಂಬ ವೈದ್ಯರು ಈ ಬದಲಾವಣೆಗಳನ್ನು ನಾಲ್ಕು ಹಂತ ಮಾಡಿದರು. ನಾನು ಇವತ್ತಿಗೂ ಚೀಟಿಯಲ್ಲಿ ಬರೆಯುವುದು ಹೆಚ್ಚುಕಡಿಮೆ ಅದೇ ಲೆಕ್ಕ. ಅವರು ನೋಡಿದ ರೋಗಿಗಳಲ್ಲಿ ಮೊದಲ ಹಂತದವರು ಮೂರು ವರ್ಷದ ನಂತರ 100ಕ್ಕೆ 70 ಮಂದಿ ಬದುಕಿದ್ದರು. ನಾಲ್ಕನೇ ಹಂತದವರು 100ಕ್ಕೆ ಬರೀ 6 ಮಂದಿ. ಆಗ ಈಗಿನಂಥ ಮಾತ್ರೆಗಳೇ ಇರಲಿಲ್ಲ. ನಿಮಗೆ ಇವೆ. ಬಿಪಿ ಹತೋಟಿಗೆ ಬಂದರೆ ಆ ರಕ್ತದ ಗೀರುಗಳು, ಬಿಳಿ ಮಚ್ಚೆಗಳು ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ತಾವಾಗೇ ಕರಗುತ್ತವೆ. ಅದಕ್ಕೆ ಬೇರೆ ಕಣ್ಣಿನ ಔಷಧಿ ಬೇಕಾಗಿಲ್ಲ.

ಮುಂದಿನ ಸಲ ಡ್ರಾಪ್ಸ್ ಹಾಕುವ ಮುಂಚೆಯೇ "ನನಗೆ ಬಿಪಿ ಇದೆ" ಎಂದು ಹೇಳಿ. ಪಾಪೆ ಅಗಲ ಮಾಡುವ ಕೆಲವು ಡ್ರಾಪ್ಸ್‌ನಲ್ಲಿ ಫಿನೈಲೆಫ್ರಿನ್ ಎಂಬ ಔಷಧಿ ಇರುತ್ತದೆ. ಅದು ಕೆಲವರಲ್ಲಿ ಬಿಪಿ ಏರಿಸಬಹುದು. ಅದಿಲ್ಲದ ಡ್ರಾಪ್ಸೂ ಇದೆ. ಬೈಕ್ ತರಬೇಡಿ, ಮಗನನ್ನೋ ಅಂಗಡಿಯ ಹುಡುಗನನ್ನೋ ಜೊತೆಗೆ ಕರೆದುಕೊಂಡು ಬನ್ನಿ. ಲೆಕ್ಕದ ಕೆಲಸ ಮಾರನೇ ದಿನಕ್ಕಿರಲಿ.

ಪ್ರಶ್ನೆ: ನಮ್ಮೆಜಮಾನರಿಗೆ ಬೆಳಿಗ್ಗೆ ಎದ್ದಾಗ ಎಡಗಣ್ಣಿನ ಬಿಳಿಭಾಗ ಪೂರ್ತಿ ರಕ್ತದ ಬಣ್ಣವಾಗಿತ್ತು. ನೋವಿಲ್ಲ, ಉರಿ ಇಲ್ಲ. ನನಗೆ ಕೈಕಾಲೇ ಬಿದ್ದುಹೋಯಿತು. ಬಿಪಿಯಿಂದ ಕಣ್ಣೊಳಗೆ ನರ ಒಡೆದಿದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ.
(ಗೃಹಿಣಿ, ಶಿರಸಿ)

ಉತ್ತರ: ಗಾಬರಿಯಾಗಬೇಡಿ ತಾಯಿ. ನೋಡುವುದಕ್ಕೆ ಭಯಂಕರ, ಆದರೆ ಕಣ್ಣಿಗೆ ಅಪಾಯ ಮಾಡುವಂಥದ್ದಲ್ಲ. ಬಿಳಿಭಾಗದ ಮೇಲಿರುವ ತೆಳ್ಳನೆಯ ಪದರದ ಕೆಳಗೆ ಒಂದು ಕೂದಲೆಳೆಯಂಥ ನಾಳ ಒಡೆದಿರುತ್ತದೆ. ಜೋರಾಗಿ ಕೆಮ್ಮಿದರೂ, ಸೀನಿದರೂ, ಮುಕ್ಕಿದರೂ ಆಗುತ್ತದೆ. ಒಂದೆರಡು ವಾರದಲ್ಲಿ ಕೆಂಪು ಹಳದಿಯಾಗಿ ತಾನೇ ಹೋಗುತ್ತದೆ. ಆದರೆ ಬಿಪಿ ಮಾತ್ರ ಇವತ್ತೇ ನೋಡಿಸಿ. ಇದೇ ನೆಪದಲ್ಲಿ ಬಂದು, ತಮಗೆ ಬಿಪಿ ಇದೆ ಎಂದು ಮೊದಲ ಸಲ ಗೊತ್ತಾದವರನ್ನು ನಾನು ಬಹಳ ನೋಡಿದ್ದೇನೆ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ನೋವಿದ್ದರೆ, ದೃಷ್ಟಿ ಮಂಜಾಗಿದ್ದರೆ, ಪೆಟ್ಟು ಬಿದ್ದಿದ್ದರೆ ಅದು ಬೇರೆ ವಿಷಯ, ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಕಣ್ಣಿನ ಶಿಬಿರದಲ್ಲಿ ನನ್ನ ಕಣ್ಣಿನ ಪ್ರೆಶರ್ 16, ನಾರ್ಮಲ್ ಎಂದರು. ಹಾಗಾದರೆ ಬಿಪಿ ಮಾತ್ರೆ ಬಿಡಬಹುದೇ? ನನ್ನ ತಮ್ಮನಿಗೆ ಕಣ್ಣಿನ ಪ್ರೆಶರ್ 28 ಇದೆ, ಡ್ರಾಪ್ಸ್ ಹಾಕುತ್ತಿದ್ದಾನೆ. ಅವನು ಉಪ್ಪು ಬಿಟ್ಟರೆ ಅದು ಇಳಿಯುತ್ತದೆಯೇ?
(ನಿವೃತ್ತ ಶಿಕ್ಷಕ, ಗದಗ)

ಉತ್ತರ: ಮೇಷ್ಟ್ರೇ, ಈ ಎರಡು ಪ್ರೆಶರ್‌ಗಳ ಹೆಸರು ಒಂದೇ ಆಗಿರುವುದರಿಂದ ಈ ಗೊಂದಲ. ಬಿಪಿ ಎಂದರೆ ರಕ್ತನಾಳದೊಳಗಿನ ಒತ್ತಡ. ಕಣ್ಣಿನ ಪ್ರೆಶರ್ ಎಂದರೆ ಕಣ್ಣುಗುಡ್ಡೆಯೊಳಗೆ ತುಂಬಿರುವ ನೀರಿನಂಥ ದ್ರವದ ಒತ್ತಡ. ಅದು ಸಾಮಾನ್ಯವಾಗಿ 10ರಿಂದ 21ರ ಒಳಗಿರುತ್ತದೆ. ಬಿಪಿ 180 ಇರುವವರ ಕಣ್ಣಿನ ಪ್ರೆಶರ್ 14 ಇರಬಹುದು. ನಿಮ್ಮ ಬಿಪಿ ಮಾತ್ರೆ ಬಿಡಬೇಡಿ. ತಮ್ಮನವರು ಉಪ್ಪು ಕಡಿಮೆ ಮಾಡಿದರೆ ಹೃದಯಕ್ಕೆ, ಕಿಡ್ನಿಗೆ ಒಳ್ಳೆಯದು, ಆದರೆ ಕಣ್ಣಿನ ಡ್ರಾಪ್ಸ್ ಬದಲಿಗೆ ಅದು ಬರುವುದಿಲ್ಲ.

ತಮ್ಮನವರ ಬಗ್ಗೆ ಒಂದು ಮಾತು. ಅವರ ಬಾಟಲಿಯ ಮೇಲೆ ಟಿಮೋಲಾಲ್ ಎಂದು ಬರೆದಿದೆಯೇ ನೋಡಿ. ಕಣ್ಣಿಗೆ ಹಾಕಿದ ಹನಿ ಮೂಗಿನ ದಾರಿಯಲ್ಲಿ ಇಳಿದು ರಕ್ತಕ್ಕೂ ಸೇರುತ್ತದೆ. ಟಿಮೋಲಾಲ್ ನಾಡಿಬಡಿತವನ್ನು ನಿಧಾನ ಮಾಡುತ್ತದೆ, ಆಸ್ತಮಾ ಇರುವವರಿಗೆ ಉಬ್ಬಸ ತರಬಹುದು. ಬಿಪಿಗೆಂದು ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಎರಡೂ ಸೇರಿ ನಾಡಿ ಇನ್ನೂ ಕಡಿಮೆಯಾಗಬಹುದು. ಸುಸ್ತು, ತಲೆ ತಿರುಗುವುದು ಇದ್ದರೆ ಎರಡೂ ಔಷಧಿಗಳನ್ನು ಹಿಡಿದುಕೊಂಡು ಡಾಕ್ಟರ ಬಳಿ ಹೋಗಲಿ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಬೇಕು. ಔಷಧಿ ಕಣ್ಣಲ್ಲೇ ಉಳಿಯುತ್ತದೆ, ಮೈಗೆ ಹೋಗುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಅಮ್ಮನಿಗೆ 62. ಎರಡು ವರ್ಷ ಬಿಪಿ ಮಾತ್ರೆ ತೆಗೆದುಕೊಂಡರು. ಚೆಕ್ ಮಾಡಿಸಿದಾಗ 130/80 ಬಂತು ಎಂದು ತಾವೇ ನಿಲ್ಲಿಸಿದ್ದಾರೆ, ನಮಗೆ ಹೇಳಿರಲಿಲ್ಲ. ಈಗ ಬಲಗಣ್ಣಿನಲ್ಲಿ ಕೆಳಗಿನ ಭಾಗ ಮಂಜು. ರೆಟಿನಾದ ನಾಳ ಬ್ಲಾಕ್ ಆಗಿದೆ, ಊತ ಇದೆ, ಕಣ್ಣಿಗೆ ಇಂಜೆಕ್ಷನ್ ಕೊಡಬೇಕು ಎನ್ನುತ್ತಿದ್ದಾರೆ. ಅಮ್ಮ ಒಪ್ಪುತ್ತಿಲ್ಲ. ಕಣ್ಣಿಗೆ ಸೂಜಿಯೇ?
(ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಮನೆಯಲ್ಲಿ ಆದದ್ದೇ ಇದು.

ನಮ್ಮ ತಂದೆ ಹಳ್ಳಿಯ ಶಾಲೆಯಲ್ಲಿ ಹೆಡ್‌ಮಾಸ್ಟರ್. 1996ರಲ್ಲಿ ನಾನು ಕಣ್ಣಿನ ವಿಭಾಗದಲ್ಲೇ ಸ್ನಾತಕೋತ್ತರ ಓದುತ್ತಿದ್ದೆ. ಅವರೂ ನಿಮ್ಮ ಅಮ್ಮನ ಹಾಗೆ, "ನಾರ್ಮಲ್ ಬಂತಲ್ಲ, ಇನ್ಯಾಕೆ" ಎಂದು ಮಾತ್ರೆ ನಿಲ್ಲಿಸಿದರು. ಒಂದು ಬೆಳಿಗ್ಗೆ ಪೇಪರ್ ಓದುತ್ತಾ ಕನ್ನಡಕ ಒರೆಸುವಾಗ ಎಡಗಣ್ಣು ಉಜ್ಜಿಕೊಂಡರಂತೆ. ಬಲಗಣ್ಣೊಂದರಲ್ಲೇ ನೋಡಿದಾಗ ತಲೆಬರಹ ಕಾಣುತ್ತದೆ, ಅದರ ಕೆಳಗಿನ ಸಾಲುಗಳು ಮಸಿ ಬಟ್ಟೆ ಎಳೆದಂತೆ ಮಾಸಿಹೋಗಿವೆ. ಮಗಳಿಗೆ ಪರೀಕ್ಷೆ ಹತ್ತಿರ ಇದೆ, ತೊಂದರೆ ಕೊಡಬಾರದು ಎಂದು ಮೂರು ವಾರ ಬಾಯಿ ಬಿಡಲಿಲ್ಲ. ರಜೆಗೆ ಊರಿಗೆ ಹೋದಾಗ ಅವರು ತಲೆಯನ್ನು ಒಂದು ಥರ ಓರೆ ಮಾಡಿ ಊಟ ಮಾಡುತ್ತಿದ್ದದ್ದನ್ನು ನೋಡಿ ನಾನೇ ಕೇಳಿದೆ. ಆಸ್ಪತ್ರೆಗೆ ಕರೆತಂದು ಡ್ರಾಪ್ಸ್ ಹಾಕಿ ನೋಡಿದಾಗ ರೆಟಿನಾದ ಮೇಲಿನ ಅರ್ಧ ಪೂರ್ತಿ ರಕ್ತದ ಗೀರುಗಳು. ಬಿಪಿ 190/110. ದಿನಾ ಹತ್ತಾರು ರೋಗಿಗಳಿಗೆ "ಮಾತ್ರೆ ತಗೋತಿದ್ದೀರಾ" ಎಂದು ಕೇಳುತ್ತಿದ್ದವಳು ಅಪ್ಪನನ್ನು ಕೇಳಿರಲಿಲ್ಲ.

ಮೊದಲ ಉತ್ತರದಲ್ಲಿ ಡ್ರಿಪ್ ಪೈಪಿನ ಮೇಲೆ ಬಿದ್ದ ಸಲಾಕೆ ಎಂದೆನಲ್ಲ, ಈ ಬ್ಲಾಕ್ ಆಗುವುದು ಬಹಳ ಸಲ ಅದೇ ಜಾಗದಲ್ಲಿ. ಅದುಮಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ವಾಪಸ್ ಹೋಗಲಾಗದ ರಕ್ತ ಹಿಂದಕ್ಕೆ ಒತ್ತಿ ನಾಳದಿಂದ ಸೋರುತ್ತದೆ, ನಡುಭಾಗ ಊದಿಕೊಳ್ಳುತ್ತದೆ. ಮೇಲಿನ ನಾಳ ಕಟ್ಟಿದರೆ ಕೆಳಗಿನದು ಕಾಣುವುದಿಲ್ಲ, ಏಕೆಂದರೆ ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಹೀಗೆ ನಾಳ ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣ ಬಿಪಿಯೇ.

ಅಪ್ಪನ ಕಾಲದಲ್ಲಿ ಈ ಇಂಜೆಕ್ಷನ್ ಇರಲಿಲ್ಲ. ಲೇಸರ್ ಮಾಡಿದರು. ದೃಷ್ಟಿ ಇನ್ನಷ್ಟು ಕೆಡಲಿಲ್ಲ, ಆದರೆ ಆ ಕಣ್ಣಿನಲ್ಲಿ ಮತ್ತೆ ಪೇಪರ್ ಓದಲು ಆಗಲೇ ಇಲ್ಲ. ನಿಮ್ಮ ಅಮ್ಮನಿಗೆ ಆ ಅವಕಾಶ ಇದೆ. ದಯವಿಟ್ಟು ಕೊಡಿಸಿ. ಮೊದಲು ಕಣ್ಣು ಜೋಮು ಹಿಡಿಯುವಂತೆ ಡ್ರಾಪ್ಸ್ ಹಾಕುತ್ತಾರೆ. ಸೂಜಿ ಕೂದಲಿನಂತೆ ಸಣ್ಣದು, ಚುಚ್ಚುವುದು ಬಿಳಿಭಾಗಕ್ಕೆ, ಕಪ್ಪುಗುಡ್ಡೆಗಲ್ಲ. ಚುಚ್ಚಿ ತೆಗೆಯುವುದು ಕೆಲವು ಸೆಕೆಂಡ್. ಒತ್ತಿದಂತೆ ಅನ್ನಿಸುತ್ತದೆ ಅಷ್ಟೆ. ಸಾಮಾನ್ಯವಾಗಿ ಒಂದೇ ಇಂಜೆಕ್ಷನ್‌ಗೆ ಮುಗಿಯುವುದಿಲ್ಲ, ತಿಂಗಳಿಗೊಂದರಂತೆ ಕೆಲವು ಬೇಕಾಗುತ್ತವೆ. ಖರ್ಚನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಚುಚ್ಚಿಸಿಕೊಂಡ ಮೇಲೆ ಕಣ್ಣು ನೋವು, ಕೆಂಪು, ಮಂಜು ಜಾಸ್ತಿಯಾದರೆ ಅದೇ ದಿನ ಹಿಂದಿರುಗಿ ಹೋಗಬೇಕು.

ಮತ್ತೆ ಅಮ್ಮನಿಗೆ ಹೀಗೆ ಹೇಳಿ ನೋಡಿ: ಬಿಪಿ 130/80 ಬಂದದ್ದು ಮಾತ್ರೆಯಿಂದ. ಒಲೆ ಸಣ್ಣ ಮಾಡಿದ್ದಕ್ಕೆ ಹಾಲು ಉಕ್ಕಲಿಲ್ಲ, ಹಾಲು ತಣ್ಣಗಾಗಿದೆ ಎಂದಲ್ಲ. ಅಪ್ಪನಿಗೆ ನಾನು ಹೇಳಿದ್ದು ಇದನ್ನೇ. ಆಮೇಲೆ ಹದಿನಾಲ್ಕು ವರ್ಷ ಅವರು ಬದುಕಿದ್ದರು. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಕ್ಯಾಲೆಂಡರಿನಲ್ಲಿ ದಿನಾ ಕೆಂಪು ಪೆನ್ನಿನಲ್ಲಿ ಒಂದು ರೈಟ್ ಮಾರ್ಕ್ ಹಾಕುತ್ತಿದ್ದರು, ಮಕ್ಕಳ ಪುಸ್ತಕ ತಿದ್ದಿದ ಹಾಗೆ. ದುಡ್ಡಿನ ತೊಂದರೆಗೆ ನಿಲ್ಲಿಸಿದವರು ಈ ಅಂಕಣ ಓದುತ್ತಿದ್ದರೆ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಉಚಿತ, ಜನೌಷಧಿ ಅಂಗಡಿಯಲ್ಲಿ ಬಹಳ ಕಡಿಮೆ ಬೆಲೆ. ಅಲ್ಲಿ ಕೇಳಿ.

ಪ್ರಶ್ನೆ: ನನಗೆ 61. ಬೆಳಗಿನ ಬಿಪಿ ಜಾಸ್ತಿ ಬರುತ್ತಿತ್ತೆಂದು ರಾತ್ರಿ ಮಲಗುವಾಗ ಇನ್ನೊಂದು ಮಾತ್ರೆಯನ್ನು ನಾನೇ ಸೇರಿಸಿಕೊಂಡೆ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಎದ್ದಾಗ ಎಡಗಣ್ಣಿನ ಕೆಳಗಿನ ಅರ್ಧ ಕತ್ತಲೆ. ಕಣ್ಣಿನ ನರಕ್ಕೆ ರಕ್ತ ಸಾಲದೆ ಹೀಗಾಗಿದೆ ಎಂದರು. ಬಿಪಿ ಇಳಿಸಿದ್ದೇ ತಪ್ಪಾಯಿತೇ?
(ಧಾರವಾಡ)

ಉತ್ತರ: ಬಿಪಿ ಇಳಿಸಿದ್ದು ತಪ್ಪಲ್ಲ. ಆದರೆ ಯಾರನ್ನೂ ಕೇಳದೆ ರಾತ್ರಿ ಮಾತ್ರೆ ಸೇರಿಸಿಕೊಂಡದ್ದು ಸರಿಯಲ್ಲ.

ನಿದ್ದೆಯಲ್ಲಿ ಹೆಚ್ಚಿನವರ ಬಿಪಿ ನೂರಕ್ಕೆ ಹತ್ತಿಪ್ಪತ್ತರಷ್ಟು ತಾನೇ ಇಳಿಯುತ್ತದೆ. ಅದರ ಮೇಲೆ ಜೋರಾದ ಮಾತ್ರೆ ಬಿದ್ದರೆ ನಡುರಾತ್ರಿ ತೀರಾ ಕೆಳಗೆ ಹೋಗಬಹುದು. ಕಣ್ಣಿನ ನರದ ಬಾಯಿ ಹುಟ್ಟಿನಿಂದಲೇ ಇಕ್ಕಟ್ಟಾಗಿರುವವರಲ್ಲಿ ಅಲ್ಲಿಗೆ ರಕ್ತ ಸಾಲದೆ ನರ ಊದಿಕೊಳ್ಳುತ್ತದೆ. ಅದಕ್ಕೇ ಇದು ಬಹಳ ಮಂದಿಗೆ ಬೆಳಿಗ್ಗೆ ಎದ್ದಾಗಲೇ ಗೊತ್ತಾಗುವುದು. ನಮ್ಮ ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಡಾ. ಸೋಹನ್ ಸಿಂಗ್ ಹೈರೆ ಅವರು ರೋಗಿಗಳ ಬಿಪಿಯನ್ನು ಹಗಲು ರಾತ್ರಿ ಅಳೆದು 1994ರಲ್ಲಿ ಈ ವಿಷಯ ಮುಂದಿಟ್ಟರು. ಎಲ್ಲ ತಜ್ಞರೂ ಇದನ್ನು ಪೂರ್ತಿ ಒಪ್ಪಿಲ್ಲ. ನಿಮ್ಮ ಕಣ್ಣಿಗೆ ಆ ಮಾತ್ರೆಯೇ ಕಾರಣ ಎಂದು ನಾನು ಹೇಳಲಾರೆ. ಆದರೆ ಒಂದು ಕಣ್ಣಿಗೆ ಹೀಗಾದವರಿಗೆ ರಾತ್ರಿ ಮಲಗುವಾಗಿನ ಮಾತ್ರೆಯ ಬಗ್ಗೆ ಫಿಜಿಷಿಯನ್ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.

ನೀವು ಮಾಡಬೇಕಾದದ್ದು: ಮಾತ್ರೆ ಪೂರ್ತಿ ನಿಲ್ಲಿಸಬೇಡಿ. 24 ಗಂಟೆಯ ಬಿಪಿ ಪರೀಕ್ಷೆ ಮಾಡಿಸಿ, ರಾತ್ರಿ ಎಷ್ಟು ಇಳಿಯುತ್ತದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಹೊತ್ತು, ಪ್ರಮಾಣ ಎರಡನ್ನೂ ಡಾಕ್ಟರೇ ತೀರ್ಮಾನಿಸಲಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆಯೇ ಎಂದು ಮನೆಯವರನ್ನು ಕೇಳಿ. ಅದಕ್ಕೂ ಇದಕ್ಕೂ ನಂಟಿದೆ. ಗಂಡಸರ ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ತಲೆಯ ಪಕ್ಕದಲ್ಲಿ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ. ಅದು ರಕ್ತನಾಳದ ಬೇರೆ ಕಾಯಿಲೆ ಇರಬಹುದು, ತಡವಾದರೆ ಇನ್ನೊಂದು ಕಣ್ಣೂ ಹೋಗುತ್ತದೆ.

ಪ್ರಶ್ನೆ: ನನ್ನ ತಂಗಿಗೆ ಎಂಟನೇ ತಿಂಗಳು. ಮೂರು ದಿನದಿಂದ ತಲೆನೋವು, ಕಣ್ಣ ಮುಂದೆ ಮಿಂಚು ಹೊಡೆದಂತೆ ಆಗುತ್ತದೆ ಎನ್ನುತ್ತಾಳೆ. ಕನ್ನಡಕ ಬೇಕಾಗಬಹುದೇ?
(ಹಿರಿಯೂರು)

ಉತ್ತರ: ಈ ಪತ್ರ ಕೈಗೆ ಬಂದ ಗಳಿಗೆಯೇ ಪತ್ರಿಕೆಯವರಿಂದ ಫೋನ್ ಮಾಡಿಸಿದೆ. ತಂಗಿಯ ಬಿಪಿ ಜಾಸ್ತಿಯೇ ಇತ್ತು, ಆಸ್ಪತ್ರೆಗೆ ಸೇರಿಸಿದ್ದಾರೆ. ಉಳಿದವರಿಗಾಗಿ ಇಲ್ಲಿ ಹಾಕಿದ್ದೇನೆ. ಗರ್ಭಿಣಿಗೆ ಐದು ತಿಂಗಳ ನಂತರ ತಲೆನೋವು, ಕಣ್ಣು ಮಂಜು, ಮಿಂಚು, ಮುಖ ಕೈ ಊತ, ಎದೆಗುಂಡಿಯ ಹತ್ತಿರ ನೋವು ಇವುಗಳಲ್ಲಿ ಯಾವುದಾದರೂ ಕಂಡರೆ ಕನ್ನಡಕದ ಅಂಗಡಿಗೆ ಹೋಗಬೇಡಿ, ಹೆರಿಗೆ ಆಸ್ಪತ್ರೆಗೆ ಹೋಗಿ. ಬಿಪಿ 140/90 ದಾಟಿದ್ದರೆ ಫಿಟ್ಸ್ ಬರುವ ಅಪಾಯ ಇರುತ್ತದೆ. ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ, ಹೆರಿಗೆಯಾದ ಮೇಲೆ ಹೆಚ್ಚಿನವರ ದೃಷ್ಟಿ ಮೊದಲಿನಂತಾಗುತ್ತದೆ.

ಪ್ರಶ್ನೆ: ತಂದೆಯವರ ಪೊರೆ ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಹೋದಾಗಲೆಲ್ಲ ಬಿಪಿ ಜಾಸ್ತಿ ಎಂದು ವಾಪಸ್ ಕಳಿಸುತ್ತಾರೆ. ಕಿಡ್ನಿ ತೊಂದರೆಯೂ ಇದೆ, ನಾಲ್ಕು ಥರ ಬಿಪಿ ಮಾತ್ರೆ ಇವೆ.
(ರೈತ, ಮಾನ್ವಿ)

ಉತ್ತರ: ಬಸ್ಸಿನಲ್ಲಿ ಅಷ್ಟು ದೂರ ಬಂದು ವಾಪಸ್ ಹೋಗುವ ಕಷ್ಟ ನನಗೆ ಗೊತ್ತು. ಆದರೆ ಬಿಪಿ 180/110 ದಾಟಿದ್ದರೆ ಆಪರೇಷನ್ ಮುಂದೂಡುವುದೇ ಒಳ್ಳೆಯದು. ಅಪರೂಪಕ್ಕಾದರೂ ಕಣ್ಣೊಳಗೆ ರಕ್ತಸ್ರಾವವಾದರೆ ಕಣ್ಣೇ ಹೋಗಬಹುದು. ಟೇಬಲ್ ಮೇಲೆ ಮಲಗಿಸಿ ಅವಸರದಲ್ಲಿ ಬಿಪಿ ಇಳಿಸುವುದೂ ಒಳ್ಳೆಯದಲ್ಲ. ಒಮ್ಮೆಲೇ ಇಳಿದರೆ ಮಿದುಳಿಗೂ ಕಣ್ಣಿನ ನರಕ್ಕೂ ರಕ್ತ ಸಾಲುವುದಿಲ್ಲ. ಹಾಗಾಗಿ ಎರಡು ಮೂರು ವಾರ ಮುಂಚೆಯೇ ಫಿಜಿಷಿಯನ್‌ಗೆ ತೋರಿಸಿ ಬಿಪಿ ನಿಧಾನವಾಗಿ ಹತೋಟಿಗೆ ತನ್ನಿ.

ಆಪರೇಷನ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಳ್ಳದೆ ಬರುವವರು ಬಹಳ. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದದ್ದನ್ನು ಹಾಗೆ ತಿಳಿದುಕೊಂಡಿರುತ್ತಾರೆ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತೆಗೆದುಕೊಂಡೇ ಬರಬೇಕು. ನಿಮ್ಮ ಡಾಕ್ಟರನ್ನು ಮುಂಚಿನ ದಿನ ಕೇಳಿ ಖಚಿತ ಮಾಡಿಕೊಳ್ಳಿ. ಬಂದ ಕೂಡಲೇ ಬಿಪಿ ನೋಡಿಸಬೇಡಿ, ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳಲಿ.

ಇನ್ನೊಂದು ಮುಖ್ಯ ವಿಷಯ. ಕಿಡ್ನಿ ತೊಂದರೆ ಇರುವವರಿಗೆ ಬಿಪಿಗೆಂದು ಪ್ರಾಜೊಸಿನ್ ಕೊಡುವುದುಂಟು. ಮೂತ್ರ ಸರಾಗವಾಗಿ ಹೋಗಲೆಂದು ವಯಸ್ಸಾದ ಗಂಡಸರಿಗೆ ಟ್ಯಾಮ್ಸುಲೋಸಿನ್ ಕೊಡುತ್ತಾರೆ. ಈ ಗುಂಪಿನ ಮಾತ್ರೆ ತೆಗೆದುಕೊಂಡವರಲ್ಲಿ ಆಪರೇಷನ್ ನಡುವೆ ಪಾಪೆ ಕುಗ್ಗಿ, ಅದರ ಸುತ್ತಲಿನ ಪರದೆ ಒದ್ದೆ ಬಟ್ಟೆಯಂತೆ ಅಲೆಯಾಡುತ್ತದೆ. 2005ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಮುಂಚೆಯೇ ಗೊತ್ತಿದ್ದರೆ ನಾವು ಅದಕ್ಕೆ ಬೇಕಾದ ಔಷಧಿ, ಪಾಪೆಯನ್ನು ಅಗಲವಾಗಿ ಹಿಡಿದಿಡುವ ಉಂಗುರ ಎಲ್ಲ ಸಿದ್ಧ ಮಾಡಿಕೊಂಡು ನಿಲ್ಲುತ್ತೇವೆ. ನಾಲ್ಕು ದಿನ ಮಾತ್ರೆ ನಿಲ್ಲಿಸಿದರೆ ಈ ತೊಂದರೆ ಹೋಗುವುದಿಲ್ಲ, ಬಿಪಿ ಮಾತ್ರ ಏರುತ್ತದೆ. ಅದಕ್ಕೇ ನಿಲ್ಲಿಸಬೇಡಿ, ಹೇಳಿ. ಹೆಸರು ನೆನಪಿಲ್ಲದಿದ್ದರೆ ಖಾಲಿ ಶೀಟುಗಳನ್ನೇ ಒಂದು ಕವರಿನಲ್ಲಿ ಹಾಕಿ ತನ್ನಿ. "ಬಿಳಿ ಗುಳಿಗೆ, ಸಣ್ಣದು" ಎಂದರೆ ನಮಗೆ ಗೊತ್ತಾಗುವುದಿಲ್ಲ. ಹಳೆಯದು, ಈಗ ಬಿಟ್ಟಿರುವುದು ಇದ್ದರೆ ಅದರ ಶೀಟೂ ಇರಲಿ.